ಅನ್ಯಲೋಕದವರು ಶಕ್ತಿಗಾಗಿ ದಂಡೆತ್ತಿ ಬರುವರೇ?

ಅನ್ಯಲೋಕದ ಜೀವಿಗಳು ಭೂಮಿಯ ಮೇಲೆ ದಂಡೆತ್ತಿ ಬರುವ ಕಥೆ ಹೊಸದೇನಲ್ಲ. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸನು 1898ರಷ್ಟು ಹಿಂದೆಯೇ ಮಂಗಳಗ್ರಹದವರನ್ನು ಇಂಗ್ಲೆಂಡಿನ ನೆಲದ ಮೇಲೆ ಇಳಿಸಿದ್ದನು. ಅದೇ ಪರಂಪರೆಗೆ ಸೇರಿದ ಒಂದು ಚಿತ್ರ 2019ರ ಆಗಸ್ಟಿನಲ್ಲಿ ಚೀನಾದಲ್ಲಿ ತೆರೆಗೆ ಬಂದಿತು. ಹೆಸರು ‘ಶಾಂಘೈ ಫೋರ್ಟ್ರೆಸ್’, ಅಂದರೆ ಶಾಂಘೈ ಕೋಟೆ. ಜಿಯಾಂಗ್ ನಾನ್ ಎಂಬವರ ಕಾದಂಬರಿಯನ್ನು ಆಧರಿಸಿ ತೆಂಗ್ ಹುವಾಟಾವ್ ಇದನ್ನು ನಿರ್ದೇಶಿಸಿದರು. ಅಪಾರ ಶಕ್ತಿಯನ್ನು ಕೊಡಬಲ್ಲ ಒಂದು ಮೂಲವು ಮನುಷ್ಯರ ವಶದಲ್ಲಿದೆ. ಅದನ್ನು ಅಪಹರಿಸಲು ಅನ್ಯಲೋಕದ ಸೈನ್ಯ ಬರುತ್ತದೆ. ಉಳಿದ ಕೊನೆಯ ಆಸರೆಯಾದ ಶಾಂಘೈ ನಗರವನ್ನು ಕಾಯಲು ತರುಣ ಯೋಧರು ನಿಲ್ಲುತ್ತಾರೆ. ಇದು ಕಥೆಯ ತಿರುಳು.

ಕಥೆಗೆ ಕಥೆಯದೇ ಆದ ಸ್ವಾತಂತ್ರ್ಯವುಂಟು. ಆದರೂ ಭೌತವಿಜ್ಞಾನವನ್ನು ಬಲ್ಲವನು ಒಂದು ಪ್ರಶ್ನೆಯನ್ನು ಕೇಳದಿರಲಾರನು. ಶಕ್ತಿಯನ್ನು ಕದಿಯಲೆಂದು ಅಷ್ಟು ದೂರದಿಂದ ಬರುವವನಿಗೆ ದಾರಿಯ ಖರ್ಚೆಷ್ಟು? ಸಂತೆಗೆ ಹೋಗಿ ಬರುವ ಬಾಡಿಗೆಯೇ ಸರಕಿನ ಬೆಲೆಯನ್ನು ಮೀರಿದರೆ ಆ ವ್ಯಾಪಾರಕ್ಕೆ ಯಾರೂ ಹೊರಡುವುದಿಲ್ಲವಷ್ಟೆ.

ಲೆಕ್ಕವು ಮನಸ್ಸಿಗೆ ನಾಟಬೇಕಾದರೆ ಅಳತೆಗೋಲು ಕಣ್ಣಿಗೆ ಕಾಣುವಂತಿರಬೇಕು. ಬೆಳಗಾವಿ ಜಿಲ್ಲೆಯ ಗೋಕಾಕ ಜಲಪಾತವನ್ನು ಅಂತಹ ಅಳತೆಗೋಲಾಗಿ ತೆಗೆದುಕೊಳ್ಳೋಣ. ಘಟಪ್ರಭಾ ನದಿಯು ಇಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಈ ಬೀಳುವ ನೀರಿನ ಬಲವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಪಕ್ಕದ ನೂಲಿನ ಗಿರಣಿಗಾಗಿ ದುಡಿಸಿಕೊಳ್ಳಲಾಯಿತು. ಒಂದು ಘನ ಮೀಟರ್ ನೀರು, ಅಂದರೆ 1,000 ಕಿಲೋಗ್ರಾಂ, ಇಲ್ಲಿ ಬಿದ್ದಾಗ ಸುಮಾರು 5 ಲಕ್ಷ ಜೌಲ್ ಶಕ್ತಿ ದೊರೆಯುತ್ತದೆ. ಮನೆಯ ಮೀಟರು ತೋರಿಸುವ ಒಂದು ಯೂನಿಟ್ ವಿದ್ಯುತ್ತು 36 ಲಕ್ಷ ಜೌಲಿಗೆ ಸಮ. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ತನ್ನ ಗ್ರಾಹಕರಿಗೆ ಅಳೆದು ಕೊಡುವುದೂ ಇದೇ ಯೂನಿಟ್ಟನ್ನು. ನಷ್ಟವೇನೂ ಇಲ್ಲವೆಂದು ಭಾವಿಸಿದರೂ ಒಂದು ಯೂನಿಟ್ಟಿಗೆ ಏಳು ಘನ ಮೀಟರ್ ನೀರು ಧುಮುಕಬೇಕು.

ಜಲಪಾತದಿಂದ ನದಿಯ ಮೇಲ್ಭಾಗಕ್ಕೆ ಹೋದರೆ ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟು ಸಿಗುತ್ತದೆ. ಅದರ ಜಲಾಶಯವು ತುಂಬಿದಾಗ 51 ಟಿ.ಎಂ.ಸಿ., ಅಂದರೆ ಸುಮಾರು 144 ಕೋಟಿ ಘನ ಮೀಟರ್ ನೀರು ನಿಲ್ಲುತ್ತದೆ. ಅಷ್ಟನ್ನೂ ಗೋಕಾಕದಲ್ಲಿ ಧುಮುಕಿಸಿದರೆ ಸಿಗುವ ಶಕ್ತಿಯು ಸುಮಾರು 20 ಕೋಟಿ ಯೂನಿಟ್. ಇದನ್ನು ‘ಒಂದು ಜಲಾಶಯ’ ಎಂದು ಕರೆಯೋಣ.

ಈಗ ಆಕ್ರಮಣಕಾರರ ಕಡೆಗೆ ತಿರುಗೋಣ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರವೆಂದರೆ ಪ್ರಾಕ್ಸಿಮಾ ಸೆಂಟಾರಿ. ಅಲ್ಲಿಂದ ಬೆಳಕು ನಮ್ಮನ್ನು ತಲುಪಲು 4.24 ವರ್ಷ ಬೇಕು. 1977ರಲ್ಲಿ ಹಾರಿಸಿದ ವಾಯೇಜರ್-1 ನೌಕೆಯು ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಿಂದ ಸಾಗುತ್ತಿದೆ. ಈ ವೇಗದಲ್ಲಿ ಅಷ್ಟು ದೂರವನ್ನು ಕ್ರಮಿಸಲು ಸುಮಾರು 75,000 ವರ್ಷ ಹಿಡಿಯುತ್ತದೆ. ದಂಡಯಾತ್ರೆಗೆ ಇದು ಸಾಲದು. ಆದುದರಿಂದ ಅವರ ನೌಕೆಯು ಬೆಳಕಿನ ವೇಗದ ಹತ್ತನೆಯ ಒಂದು ಪಾಲು ವೇಗದಿಂದ, ಎಂದರೆ ಸೆಕೆಂಡಿಗೆ 30,000 ಕಿಲೋಮೀಟರಿನಂತೆ, ಬರುವುದೆಂದು ಇಟ್ಟುಕೊಳ್ಳೋಣ. ಆಗಲೂ ಪ್ರಯಾಣಕ್ಕೆ 42 ವರ್ಷ ಬೇಕು. ನೌಕೆಯ ತೂಕ ಕೇವಲ 1,000 ಟನ್ ಇರಲಿ. ಸಮುದ್ರದ ಹಡಗುಗಳಿಗೆ ಹೋಲಿಸಿದರೆ ಇದು ಚಿಕ್ಕದೇ ಸರಿ.

ಚಲಿಸುವ ವಸ್ತುವಿನ ಶಕ್ತಿಯು ಅದರ ದ್ರವ್ಯರಾಶಿ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧಕ್ಕೆ ಸಮವೆಂಬುದನ್ನು ಶಾಲೆಯಲ್ಲಿಯೇ ಕಲಿತಿರುತ್ತೇವೆ. ಆ ಸೂತ್ರದಂತೆ ಗುಣಿಸಿದರೆ ಬರುವ ಉತ್ತರ ಸುಮಾರು ಆರು ಲಕ್ಷ ಜಲಾಶಯ! ಹಿಡಕಲ್ ಜಲಾಶಯವನ್ನು ಆರು ಲಕ್ಷ ಸಲ ತುಂಬಿಸಿ, ಆರು ಲಕ್ಷ ಸಲ ಗೋಕಾಕದಲ್ಲಿ ಧುಮುಕಿಸಬೇಕು. ಇಂದು ಇಡೀ ಮಾನವಕುಲವು ಒಂದು ವರ್ಷದಲ್ಲಿ ಬಳಸುವ ಒಟ್ಟು ಶಕ್ತಿಯ ಮುಕ್ಕಾಲು ಪಾಲಿಗೆ ಇದು ಸಮೀಪ. ಇದು ಒಂದು ನೌಕೆಗೆ ವೇಗ ಕೊಡುವ ಖರ್ಚು ಮಾತ್ರ. ಭೂಮಿಯ ಬಳಿ ಆ ವೇಗವನ್ನು ತಗ್ಗಿಸಲು ಮತ್ತಷ್ಟು ಶಕ್ತಿ ಬೇಕು. ಅದಕ್ಕೆ ಬೇಕಾದ ಇಂಧನವನ್ನು ಹೊತ್ತು ತರಲು ಇನ್ನಷ್ಟು.

ಇಷ್ಟು ಶಕ್ತಿಯುಳ್ಳವರು ಅದನ್ನು ಎಲ್ಲಿಂದ ಪಡೆದಾರು? ತಮ್ಮ ನಕ್ಷತ್ರದಿಂದ ಎಂಬುದೇ ಸಹಜವಾದ ಉತ್ತರ. ನಮ್ಮ ಸೂರ್ಯನು ಆರು ಲಕ್ಷ ಜಲಾಶಯದ ಶಕ್ತಿಯನ್ನು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೆರಡು ಪಾಲು ಹೊತ್ತಿನಲ್ಲಿಯೇ ಹೊರಚೆಲ್ಲುತ್ತಾನೆ. ಅವನ ಒಟ್ಟು ಪ್ರಕಾಶದಲ್ಲಿ ಭೂಮಿಗೆ ಬೀಳುವುದು ಸುಮಾರು 220 ಕೋಟಿಯಲ್ಲಿ ಒಂದು ಪಾಲು; ಉಳಿದುದು ಬರಿಯ ಆಕಾಶಕ್ಕೆ ಹರಿದುಹೋಗುತ್ತದೆ. ಮನೆಯ ಬಾಗಿಲಲ್ಲಿ ಇಂತಹ ಅಕ್ಷಯಪಾತ್ರೆ ಇರುವಾಗ, ಅದನ್ನು ಬಳಸಲು ಬಲ್ಲವನು ನಲವತ್ತೆರಡು ವರ್ಷ ಪ್ರಯಾಣ ಮಾಡಿ ನೆರೆಯವನ ಒಲೆಯ ಕೆಂಡವನ್ನು ಕದಿಯಲು ಬರಬೇಕಾಗಿಲ್ಲ. ಬರಬಲ್ಲವನಿಗೆ ನಮ್ಮ ಶಕ್ತಿ ಬೇಡ. ನಮ್ಮ ಶಕ್ತಿ ಬೇಕಾದವನು ಬರಲಾರ.

ಹಾಗಾದರೆ ನಕ್ಷತ್ರಗಳ ನಡುವೆ ಸಂಪರ್ಕವೇ ಅಸಾಧ್ಯವೇ? ಹಾಗಲ್ಲ. ದಂಡು ಕಳುಹಿಸುವುದಕ್ಕಿಂತ ಓಲೆ ಕಳುಹಿಸುವುದು ಬಹಳ ಅಗ್ಗ. 1974ರಲ್ಲಿ ಪೋರ್ಟೊರಿಕೊದ ಅರೆಸಿಬೊ ದೂರದರ್ಶಕದಿಂದ ಸುಮಾರು 25,000 ಜ್ಯೋತಿರ್ವರ್ಷ ದೂರದ ನಕ್ಷತ್ರಗುಚ್ಛವೊಂದರ ಕಡೆಗೆ ರೇಡಿಯೋ ಸಂದೇಶವನ್ನು ಕಳುಹಿಸಲಾಯಿತು. ಅದು ಮೂರು ನಿಮಿಷಕ್ಕಿಂತ ಕಡಮೆ ಹೊತ್ತಿನ ಪ್ರಸಾರ. ಪ್ರೇಷಕದ ಸಾಮರ್ಥ್ಯವನ್ನು ಹತ್ತು ಲಕ್ಷ ವಾಟ್ ಎಂದು ಹಿಡಿದರೂ ಆ ಶಕ್ತಿಗೆ ಗೋಕಾಕದಲ್ಲಿ 350 ಘನ ಮೀಟರ್ ನೀರು ಧುಮುಕಿದರೆ ಸಾಕು. ತುಂಬಿ ಹರಿಯುವ ದಿನ ಘಟಪ್ರಭೆಗೆ ಇದು ಕೆಲವೇ ಕ್ಷಣಗಳ ಕೆಲಸ. ಚೀನಾದ ಗುಯ್‌ಜೋ ಪ್ರಾಂತದಲ್ಲಿ 2016ರಲ್ಲಿ ಸಿದ್ಧವಾದ, 500 ಮೀಟರ್ ವ್ಯಾಸದ ರೇಡಿಯೋ ದೂರದರ್ಶಕದ ಕೆಲಸಗಳಲ್ಲಿ ಇಂತಹ ಸಂಕೇತಗಳಿಗೆ ಕಿವಿಗೊಡುವುದೂ ಒಂದು. ವಿಜ್ಞಾನಿಗಳು ನೌಕೆಗಿಂತ ದನಿಯನ್ನೇ ಹೆಚ್ಚಾಗಿ ಹುಡುಕುವುದಕ್ಕೆ ಕಾರಣವು ಈ ಲೆಕ್ಕದಲ್ಲಿಯೇ ಅಡಗಿದೆ.

ಚಿತ್ರವು ತೆರೆಕಂಡ 2019ರ ಆಗಸ್ಟಿನಲ್ಲಿಯೇ ಘಟಪ್ರಭೆಯು ಉಕ್ಕಿ ಗೋಕಾಕದ ತಗ್ಗಿನ ಬಡಾವಣೆಗಳಿಗೂ ಮೂಡಲಗಿ ಕಡೆಯ ನದೀತೀರದ ಊರುಗಳಿಗೂ ನುಗ್ಗಿತು. ಮನೆ ಬಿಟ್ಟು ಹೊರಟವರಿಗೆ ಆಕಾಶದಿಂದ ಬಂದ ಶತ್ರು ಮಳೆಯೇ ಆಗಿತ್ತು. ಒಂದು ನೆರೆಗೆ ಒಂದೇ ಕಾರಣವನ್ನು ಹೇಳಲಾಗದು. ಆದರೆ ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಇದರಿಂದ ಭಾರಿ ಮಳೆಗಳು ಇನ್ನೂ ಭಾರಿಯಾಗುತ್ತವೆ. ಗಾಳಿಯು ಹೀಗೆ ಬಿಸಿಯಾಗುತ್ತಿರುವುದು ಮುಖ್ಯವಾಗಿ ನಾವು ಶಕ್ತಿಗಾಗಿ ಸುಡುವ ಕಲ್ಲಿದ್ದಲು, ಎಣ್ಣೆಗಳಿಂದ. ಸೂರ್ಯನಿಂದ ಭೂಮಿಗೆ ಮುಕ್ಕಾಲು ಗಂಟೆಯಲ್ಲಿ ಬಂದು ಬೀಳುವ ಬೆಳಕಿನಲ್ಲಿಯೇ ಆರು ಲಕ್ಷ ಜಲಾಶಯದ ಶಕ್ತಿಯಿದೆ. ಅದರಲ್ಲಿ ಎಷ್ಟನ್ನು ಹೊಗೆಯಿಲ್ಲದೆ ನಮ್ಮ ದೀಪಕ್ಕೆ, ಪಂಪಿಗೆ, ಗಿರಣಿಗೆ ತಿರುಗಿಸಬಲ್ಲೆವೆಂಬುದು ಶಾಂಘೈಗೂ ಗೋಕಾಕಕ್ಕೂ ಸಮಾನವಾದ ಪ್ರಶ್ನೆ.