ಬಿಸಿಯಾಗುವ ಸ್ವಿಚ್ಚು

ಹಳೇ ಅಂಬಾಸಿಡರ್ ಕಾರನ್ನು ರಾತ್ರಿ ತುಸು ದೂರ ಓಡಿಸಿ, ಡ್ಯಾಶ್‌ಬೋರ್ಡಿನ ಹೆಡ್‌ಲೈಟ್ ಸ್ವಿಚ್ಚನ್ನೊಮ್ಮೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ, ಬಲ್ಬಿಗೆ ಸಲ್ಲಬೇಕಾದ ವಿದ್ಯುತ್ತಿನಲ್ಲಿ ಒಂದು ಪಾಲು ಅಲ್ಲೇ ಶಾಖವಾಗುತ್ತಿದೆ. ‘ಕಾಂಟ್ಯಾಕ್ಟ್ ಸುಟ್ಟಿದೆ’ ಎಂದು ಗ್ಯಾರೇಜಿನವರು ಹೊಸದು ಹಾಕುತ್ತಾರೆ. ಬರುಬರುತ್ತಾ ಅದೂ ಸುಡುತ್ತದೆ. ನನ್ನ ಪ್ರಕಾರ ತಪ್ಪು ಸ್ವಿಚ್ಚಿನದಲ್ಲ, ಅದರ ಮೇಲೆ ಹೇರಿದ ಹೊರೆಯದು.

ಈ ಹೊರೆಯ ಮೂಲ 1912ರಷ್ಟು ಹಳೆಯದು. ಅದಕ್ಕೂ ಮೊದಲು ಕಾರಿನ ದೀಪಗಳು ಹೆಚ್ಚಾಗಿ ಸೀಮೆಎಣ್ಣೆ ಇಲ್ಲವೇ ಅಸಿಟಿಲೀನ್ ಅನಿಲದಿಂದ ಉರಿಯುತ್ತಿದ್ದವು; ಇಳಿದು ಕಡ್ಡಿ ಗೀರಬೇಕಿತ್ತು. ಅಮೆರಿಕದ ಚಾರ್ಲ್ಸ್ ಕೆಟ್ಟರಿಂಗ್ ಕ್ಯಾಡಿಲ್ಯಾಕ್‌ಗೆ ಸೆಲ್ಫ್ ಸ್ಟಾರ್ಟರ್ ಕೂಡಿಸಿದಾಗ ಬ್ಯಾಟರಿ, ಜನರೇಟರ್, ವಿದ್ಯುತ್ ದೀಪ ಒಟ್ಟಿಗೇ ಬಂದವು. ಬ್ಯಾಟರಿಯ ತಂತಿ ಡ್ಯಾಶ್‌ಬೋರ್ಡಿನವರೆಗೆ ಬಂದು, ಸ್ವಿಚ್ಚು ದಾಟಿ, ಮತ್ತೆ ಗಾಡಿಯ ಮೂತಿಗೆ ಹೋಗುವ ಪದ್ಧತಿ ನಿಂತಿತು. ಬಲ್ಬು ಚಿಕ್ಕದಿದ್ದಾಗ ಇದು ನಡೆಯಿತು. 1970ರ ದಶಕದಲ್ಲಿ ಎಚ್4 ಹ್ಯಾಲೊಜನ್ ಬಂತು: ಹೈ ಬೀಮ್‌ನಲ್ಲಿ ತಲಾ 60 ವ್ಯಾಟ್, ಎರಡಕ್ಕೆ 10 ಆಂಪಿಯರ್. 100 ವ್ಯಾಟಿನ ಬಲ್ಬು ಸಿಕ್ಕಿಸುವ ನಮ್ಮವರ ಚಪಲ ಸೇರಿದರೆ 16ನ್ನೂ ಮೀರುತ್ತದೆ.

ಇಷ್ಟು ಕರೆಂಟನ್ನು ಕಡಿಯುವಾಗ ಸ್ವಿಚ್ಚಿನ ಕಾಂಟ್ಯಾಕ್ಟುಗಳ ನಡುವೆ ಕಿಡಿ ಹಾರುತ್ತದೆ. ಮನೆಯ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುವುದರಿಂದ ಆ ಕಿಡಿ ತಾನೇ ಆರುತ್ತದೆ. ಬ್ಯಾಟರಿಯ ನೇರ ಕರೆಂಟಿಗೆ ಆ ಬಿಡುವಿಲ್ಲ. ನೇರ ವಿದ್ಯುತ್ತೇ ಬಳಕೆಯಲ್ಲಿದ್ದ ಕಾಲದಲ್ಲಿ, 1884ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾನ್ ಹೆನ್ರಿ ಹೋಮ್ಸ್ ಇದಕ್ಕೊಂದು ಉಪಾಯ ಹುಡುಕಿದ: ಕಾಂಟ್ಯಾಕ್ಟುಗಳನ್ನು ನಮ್ಮ ಬೆರಳಲ್ಲ, ಒಳಗಿನ ಸ್ಪ್ರಿಂಗು ತಟ್ಟನೆ ಬೇರ್ಪಡಿಸಬೇಕು. ಟಾಗಲ್ ಸ್ವಿಚ್ಚಿನ ‘ಟಕ್’ ಸದ್ದು ಅದೇ. ಸ್ಪ್ರಿಂಗು ಸಡಿಲಾದಂತೆ ಸದ್ದು ಮೆತ್ತಗಾಗುತ್ತದೆ, ಕಿಡಿ ಹೆಚ್ಚು ಹೊತ್ತು ನಿಲ್ಲುತ್ತದೆ, ಲೋಹದಲ್ಲಿ ಗುಳಿ ಬೀಳುತ್ತದೆ.

ನಡುವೆ ರೂಪವೇನೋ ಬದಲಾಯಿತು. 1966ರ ಅಮೆರಿಕದ ವಾಹನ ಸುರಕ್ಷತಾ ಕಾಯ್ದೆಯ ನಂತರ, ಅಪಘಾತದಲ್ಲಿ ಮೈಗೆ ಚುಚ್ಚುವ ಟಾಗಲ್‌ಗಳು ಹೋಗಿ ಚಪ್ಪಟೆ ರಾಕರ್‌ಗಳು ಬಂದವು. ಜಾಗ್ವಾರ್ ಇ-ಟೈಪ್‌ನಂಥ ಕಾರೂ ತನ್ನ ಚೆಂದದ ಟಾಗಲ್ ಸಾಲನ್ನು ಬಿಟ್ಟುಕೊಟ್ಟಿತು. ಒಳಗಿನ ಹೊರೆ ಮಾತ್ರ ಇಳಿಯಲಿಲ್ಲ.

ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದು ಹೊಸ ಸ್ವಿಚ್ಚು ತರುವ ಮೊದಲು ಹಳೆಯದನ್ನು ಬಿಚ್ಚಿ ನೋಡುವುದು ಮೇಲು. ಮೊದಲು ಬ್ಯಾಟರಿಯ ತಂತಿ ಕಳಚಿ. ಯಾವ ತಂತಿ ಎಲ್ಲಿತ್ತೆಂದು ಫೋಟೊ ತೆಗೆದಿಟ್ಟುಕೊಳ್ಳಿ. ಲೋಹದ ಕವಚದ ಮಡಿಕೆಗಳನ್ನು ಎತ್ತುವಾಗ ಮೇಲೊಂದು ಬಟ್ಟೆಯಿರಲಿ. ಸ್ಪ್ರಿಂಗು ಸಿಡಿದು ಸೀಟಿನಡಿ ಸೇರಿದರೆ ಅಲ್ಲಿಗೆ ಕತೆ ಮುಗಿಯಿತು. ಹಿತ್ತಾಳೆಯ ಕಪ್ಪನ್ನು ನಯವಾದ ಉಪ್ಪುಕಾಗದದಿಂದ ತೆಗೆಯಬಹುದು. ಬೆಳ್ಳಿ ಲೇಪನವಿದ್ದರೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಉಜ್ಜಿದರೆ ಲೇಪನವೇ ಹೋಗುತ್ತದೆ. ಟರ್ಮಿನಲ್ ಸುತ್ತಲಿನ ಪ್ಲಾಸ್ಟಿಕ್ ಕರಗಿದ್ದರೆ ಮಾತ್ರ ಮೋಹ ಬಿಟ್ಟು ಎಸೆಯಿರಿ.

ಆದರೂ ಇದು ಅರ್ಧ ಕೆಲಸ. ದೀಪ ಹೊತ್ತಿಸಿಕೊಂಡು ಬ್ಯಾಟರಿಯಲ್ಲಿ ಎಷ್ಟು ವೋಲ್ಟ್, ಬಲ್ಬಿನಲ್ಲಿ ಎಷ್ಟು ಎಂದು ಮೀಟರ್ ಹಿಡಿದು ನೋಡಿ. ಬಲ್ಬಿಗೆ ವೋಲ್ಟೇಜು ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಕುಗ್ಗುತ್ತದೆ. ಪೂರ್ತಿ ಮದ್ದೆಂದರೆ ರಿಲೇ. ಇದು ಟೆಲಿಗ್ರಾಫ್ ಕಾಲದ ಸಾಧನ; ಸಣ್ಣ ಕರೆಂಟು ಅಯಸ್ಕಾಂತವನ್ನು ಎಬ್ಬಿಸುತ್ತದೆ, ಅದು ದೊಡ್ಡ ಕರೆಂಟಿನ ದಾರಿ ತೆರೆಯುತ್ತದೆ. ಹಳೇ ಸ್ವಿಚ್ಚು ಇನ್ನು ಸಾಗಿಸಬೇಕಾದದ್ದು ಪ್ರತಿ ರಿಲೇಗೆ ಸುಮಾರು 0.2 ಆಂಪಿಯರ್ ಮಾತ್ರ. ಹೈ, ಲೋ ಎರಡಕ್ಕೂ ಒಂದೊಂದು ರಿಲೇ ಬೇಕು. ಅದರ ಟರ್ಮಿನಲ್‌ಗಳಲ್ಲಿ 85, 86 ಸುರುಳಿಗೆ, 30 ಬ್ಯಾಟರಿಗೆ, 87 ದೀಪಕ್ಕೆ. ಆ ಕಾಲದ ಎಷ್ಟೋ ಬ್ರಿಟಿಷ್ ಮಾದರಿಯ ಗಾಡಿಗಳಲ್ಲಿ ಹೆಡ್‌ಲೈಟಿಗೆ ಫ್ಯೂಸೇ ಇರಲಿಲ್ಲ. ಹೊಸ ತಂತಿ ಎಳೆಯುವಾಗ, ಬ್ಯಾಟರಿಯ ಮಗ್ಗುಲಲ್ಲೇ ಫ್ಯೂಸನ್ನೂ ಸೇರಿಸಿಬಿಡಿ.