ಬ್ಲೇಡು ಬದಲಿಸುವುದು ಯಾವಾಗ?

ಉಕ್ಕಿನ ಬ್ಲೇಡಿಗಿಂತ ಕೂದಲು ಸುಮಾರು 50 ಪಟ್ಟು ಮೃದು. ಹಾಗಿದ್ದರೂ ಕೆಲವೇ ಸಲ ಗಡ್ಡ ಹೆರೆಯುವಷ್ಟರಲ್ಲಿ ಬ್ಲೇಡು ಮೊಂಡಾಗುತ್ತದೆ. ಏಕೆ?

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2020ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇದನ್ನು ಪರೀಕ್ಷಿಸಿದರು. ಬ್ಲೇಡಿನ ಅಂಚಿನಲ್ಲಿ ಅಲ್ಲಲ್ಲಿ ಸಣ್ಣ ಚಕ್ಕೆಗಳು ಎದ್ದುಹೋಗಿದ್ದವು. ಉಕ್ಕಿನ ಒಳರಚನೆ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಕೂದಲು ಬಾಗಿ ಓರೆಯಾಗಿ ತಾಗಿದಾಗ ಇಂಥ ದುರ್ಬಲ ಜಾಗದಲ್ಲಿ ಒತ್ತಡ ಹೆಚ್ಚಿ ಬಿರುಕು ಮೂಡುತ್ತದೆ. ನೀರಿನಲ್ಲಿ ನೆನೆದ ಕೂದಲು ಮೆತ್ತಗಾಗಿ ಸುಲಭವಾಗಿ ಕತ್ತರಿಸುತ್ತದೆ. ಆದ್ದರಿಂದ ಬೆಚ್ಚಗಿನ ನೀರಿನಿಂದ ಮುಖ ತೊಳೆದ ನಂತರವೇ ಕ್ಷೌರಕ್ಕೆ ತೊಡಗಬೇಕು.

5ರಿಂದ 7 ಸಲ ಬಳಸಿದ ಮೇಲೆ ಬ್ಲೇಡು ಬದಲಿಸಿ ಎಂಬುದು ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ ಸಲಹೆ. ದಿನವೂ ಗಡ್ಡ ಹೆರೆಯುವವರಿಗೆ ಇದು ಸುಮಾರು ಒಂದು ವಾರ. ಕೂದಲು ಎಳೆದಂತಾದರೆ, ಚರ್ಮ ಉರಿದರೆ, ತುಕ್ಕು ಕಂಡರೆ ಅದಕ್ಕೂ ಮೊದಲೇ ಬದಲಿಸಿ. ಬಳಸಿದ ಬಳಿಕ ತೊಳೆದು, ನೀರು ಕೊಡವಿ, ಒಣಗಲು ಬಿಡಿ.

ಆದರೆ ಈ ಲೆಕ್ಕ ಒಬ್ಬರೇ ಬಳಸುವ ಬ್ಲೇಡಿಗೆ ಮಾತ್ರ. ಮೀಸೆ ಚಿಗುರುವ ಹುಡುಗರು ಮೊದಲು ಕೈಹಾಕುವುದು ಅಪ್ಪನ ಅಥವಾ ಅಣ್ಣನ ರೇಜರಿಗೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಅಂಟಿರಬಹುದು. ಕಾಮಾಲೆ ತರುವ ಹೆಪಟೈಟಿಸ್-ಬಿ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಬದುಕಿರಬಲ್ಲದು. ಚಿಕ್ಕದೊಂದು ಗಾಯವೇ ಅದಕ್ಕೆ ದಾರಿ. ಮನೆಮಂದಿಯದೇ ಆದರೂ ಇನ್ನೊಬ್ಬರ ಬ್ಲೇಡು ಒಂದು ಸಲವೂ ಬೇಡ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡು ಹಾಕುವುದನ್ನು ಕಣ್ಣಾರೆ ನೋಡಿ.

ಪಾಲಕರೇ, ಮಗನಿಗೆ ಬೇರೆಯೇ ರೇಜರ್ ಕೊಡಿಸಿ. ಹಳೆಯ ಬ್ಲೇಡುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಡುವುದನ್ನೂ ಕಲಿಸಿ. ಕಸ ಎತ್ತುವವರ ಕೈ ಕೊಯ್ಯಬಾರದಲ್ಲವೇ?