ಸ್ವಂತ ಮೇಲ್ ಸರ್ವರ್: ಇನ್‌ಸ್ಟಾಲ್ ಸುಲಭ, ಇನ್‌ಬಾಕ್ಸ್ ತಲುಪೋದೇ ಸವಾಲು

ನಿಮ್ಮ ಹತ್ತಿರ ಒಂದು ಡೊಮೇನ್ ಇದೆ, ಬಾಡಿಗೆಗೆ ತಗೊಂಡ ಲಿನಕ್ಸ್ ಸರ್ವರ್ ಕೂಡ ಇದೆ ಅಂದ್ಕೊಳ್ಳಿ. ಹಾಗಾದ್ರೆ ಇಮೇಲ್ ಕೂಡ ನಮ್ದೇ ಇರಬಾರದಾ? ಇರಬಹುದು. ಆದರೆ ನೀವು ಕಳಿಸಿದ ಕೆಲಸದ ಅರ್ಜಿ ಎದುರಿನವರ ಸ್ಪ್ಯಾಮ್ ಫೋಲ್ಡರ್‌ಗೆ ಬಿದ್ದರೆ ನಿಮಗೆ ಗೊತ್ತೇ ಆಗಲ್ಲ. ಅದನ್ನು ತಪ್ಪಿಸೋದು ಹೇಗೆ? ಇವತ್ತಿನ ಸಂಚಿಕೆ ಅದರ ಬಗ್ಗೆ.

ಮೊದಲು ಸಾಫ್ಟ್‌ವೇರ್. ಉಬುಂಟು ಅಥವಾ ಡೆಬಿಯನ್‌ನಲ್ಲಿ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಹಾಕ್ಕೊಳ್ಳಿ. ಎರಡೂ ಉಚಿತ. ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದ ಪೋಸ್ಟ್‌ಫಿಕ್ಸ್ 1998ರಲ್ಲಿ ಬಿಡುಗಡೆಯಾಯಿತು. ಇದರ ಕೆಲಸ ಮೇಲ್ ಕಳಿಸೋದು, ಬಂದಿದ್ದನ್ನು ತಗೊಳ್ಳೋದು. ಹಾಗೆ ಬಂದ ಮೇಲನ್ನು ನಿಮ್ಮ ಫೋನಿನ ಆ್ಯಪ್‌ಗೆ ಕೊಡೋದು ಡವ್‌ಕಾಟ್.

ಈಗ ಪೋರ್ಟ್‌ಗಳು. ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡೋದು 25ರಲ್ಲಿ. ಫೋನಿಂದ ಮೇಲ್ ಕಳಿಸೋಕೆ 587, ಓದೋಕೆ 993. ಎಷ್ಟೋ ಕ್ಲೌಡ್ ಕಂಪನಿಗಳು ಹೊರಹೋಗುವ 25ನ್ನು ಮುಚ್ಚಿಟ್ಟಿರುತ್ತವೆ. ದುಡ್ಡು ಕಟ್ಟೋಕೆ ಮುಂಚೆಯೇ ಕೇಳಿ. ಪಾಸ್‌ವರ್ಡ್ ಕದಿಯದಂತೆ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ಹಾಕಿ. ಇನ್ನೊಂದು ಎಚ್ಚರಿಕೆ: ಪೋಸ್ಟ್‌ಫಿಕ್ಸ್ ಸೆಟ್ಟಿಂಗ್‌ನಲ್ಲಿ 'ಮೈ ನೆಟ್‌ವರ್ಕ್ಸ್' ಅಂತ ಒಂದು ಸಾಲಿದೆ. ಅಲ್ಲಿ ನಿಮ್ಮ ಸರ್ವರ್ ಮಾತ್ರ ಇರಲಿ. ಎಲ್ಲರಿಗೂ ಬಾಗಿಲು ತೆರೆದಿಟ್ಟರೆ ಸ್ಪ್ಯಾಮ್ ಕಳಿಸುವವರು ನಿಮ್ಮ ಸರ್ವರನ್ನೇ ಬಳಸ್ತಾರೆ, ಕಪ್ಪುಪಟ್ಟಿಗೆ ಸೇರೋದು ನಿಮ್ಮ ವಿಳಾಸ.

ಇಲ್ಲಿಗೆ ಅರ್ಧ ಕೆಲಸ ಆಯ್ತು. ಉಳಿದರ್ಧ ಡಿಎನ್‌ಎಸ್‌ನಲ್ಲಿ. ಈ ಡೊಮೇನ್‌ನ ಮೇಲ್ ಯಾವ ಸರ್ವರ್‌ಗೆ ಬರಬೇಕು ಅಂತ ಹೇಳೋದು ಎಂಎಕ್ಸ್ ದಾಖಲೆ. ನಮ್ಮ ಹೆಸರಲ್ಲಿ ಮೇಲ್ ಕಳಿಸೋ ಹಕ್ಕು ಯಾವ ಸರ್ವರ್‌ಗಿದೆ ಅನ್ನೋದು ಎಸ್‌ಪಿಎಫ್. ಡಿಕಿಮ್ ಅಂದ್ರೆ ಪ್ರತಿ ಮೇಲ್ ಮೇಲೂ ಡಿಜಿಟಲ್ ಸಹಿ. ದಾರಿಯಲ್ಲಿ ಯಾರಾದರೂ ತಿದ್ದಿದರೆ ಸಹಿ ಹೊಂದಲ್ಲ. ಈ ಪರೀಕ್ಷೆಗಳಲ್ಲಿ ಫೇಲಾದ ಮೇಲನ್ನು ಏನು ಮಾಡಬೇಕು ಅಂತ ಹೇಳೋದು ಡಿಮಾರ್ಕ್. ಕೊನೆಗೆ ಪಿಟಿಆರ್: ಐಪಿ ವಿಳಾಸದಿಂದ ಸರ್ವರ್ ಹೆಸರು ಸಿಗುವಂತೆ ಮಾಡೋ ದಾಖಲೆ. ಇದನ್ನು ಡೊಮೇನ್ ಮಾರಿದವರಲ್ಲಿ ಅಲ್ಲ, ಸರ್ವರ್ ಕೊಟ್ಟವರಲ್ಲಿ ಮಾಡಿಸಬೇಕು. ತುಂಬಾ ಜನ ಎಡವೋದು ಇಲ್ಲೇ.

ಇಷ್ಟೆಲ್ಲಾ ಬೇಕಾ? ಬೇಕು. 2024ರ ಫೆಬ್ರವರಿಯಿಂದ ಜಿಮೇಲ್ ತನ್ನ ಬಳಕೆದಾರರಿಗೆ ಮೇಲ್ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಕಡ್ಡಾಯ ಮಾಡಿದೆ. ದಿನಕ್ಕೆ 5,000ಕ್ಕೂ ಹೆಚ್ಚು ಕಳಿಸುವವರಿಗೆ ಈ ಎರಡರ ಜೊತೆ ಡಿಮಾರ್ಕ್ ಕೂಡ ಬೇಕು.

ಎಲ್ಲ ಮುಗಿದ ಮೇಲೆ ನಿಮ್ಮದೇ ಜಿಮೇಲ್‌ಗೆ ಒಂದು ಮೇಲ್ ಕಳಿಸಿ. ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು 'ಶೋ ಒರಿಜಿನಲ್' ಒತ್ತಿ. ಮೂರರ ಮುಂದೆಯೂ 'ಪಾಸ್' ಅಂತ ಬಂದರೆ ಸೆಟ್ಟಿಂಗ್ ಸರಿಯಾಗಿದೆ. ಆದರೂ ಹೊಸ ಸರ್ವರ್‌ಗೆ ಒಳ್ಳೆ ಹೆಸರು ಒಂದೇ ದಿನದಲ್ಲಿ ಬರಲ್ಲ. ಕೆಲವು ವಾರ ಗೆಳೆಯರ ಜೊತೆ ಬಳಸಿ ನೋಡಿ. ಬ್ಯಾಂಕು, ಕೆಲಸದ ಅರ್ಜಿ ಎಲ್ಲ ಅಲ್ಲೀತನಕ ಹಳೇ ವಿಳಾಸದಲ್ಲೇ ಇರಲಿ.